ಮಕ್ತಲದ ಗುಂಡಿಗೆ ನಾನು ಹಾಕಿದ ಲೆಕ್ಕ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ವಾರ ಮನೆಗೆ ಬಂದಿದ್ದರು. "ಅನುಭವ ಹೇಳ್ರಿ ಸಾಹೇಬ್ರ" ಎಂದು ಕೂತರು. ಚಹಾ ಕುಡಿಸಿ, ನಾಲ್ಕು ನಗೆಯ ಮಾತು ಹೇಳಿ ಕಳಿಸಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ನನ್ನ ಬಾಯಿಗೆ ಮೊದಲಿನಿಂದಲೂ ಆ ರೋಗ ಇದೆ, ಬೇಕಾದಾಗ ತೆರೆಯುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮದ್ದು ಸಿಡಿದ ಜಾಗಕ್ಕೆ ಹೋಗಿ, ಅಲ್ಲಿ ಎಷ್ಟು ಮದ್ದು ಇತ್ತು, ಅದರ ಕಸುವು ಎಷ್ಟು ಎಂದು ಅಂದಾಜು ಹಾಕುವುದು ನನ್ನ ನೌಕರಿಯಾಗಿತ್ತು. ಮದ್ದು ಎಂದರೆ ಬಾವಿ ತೋಡುವಾಗ ಬಂಡೆ ಒಡೆಯುವ ಕರಿ ಮದ್ದು. ದಫ್ತರದ ಉರ್ದು ಕಾಗದದಲ್ಲಿ ಅದು ಬಾರೂದು. ನಾರಾಯಣಪೇಟೆ, ಮಕ್ತಲ, ಗದ್ವಾಲದ ಸೀಮೆಯಲ್ಲಿ ನಾಲ್ಕು ಮೊಳ ಮಣ್ಣು ತೆಗೆದರೆ ಐದನೆಯ ಮೊಳಕ್ಕೆ ಬಂಡೆ. ಮದ್ದಿಲ್ಲದೆ ಬಾವಿ ಇಲ್ಲ, ಬಾವಿ ಇಲ್ಲದೆ ಬೆಳೆ ಇಲ್ಲ. ನಿಜಾಮರ ಸರ್ಕಾರದಲ್ಲಿ ಮದ್ದು ಇಟ್ಟುಕೊಳ್ಳಲು ಪರವಾನಗಿ ಬೇಕಿತ್ತು, ಇಷ್ಟೇ ಸೇರು ಎಂಬ ಮಿತಿ ಇತ್ತು. ಎಲ್ಲಾದರೂ ಸಿಡಿದರೆ ನಮ್ಮನ್ನು ಕರೆಯುತ್ತಿದ್ದರು. ಮಿತಿಯೊಳಗೆ ಇತ್ತೋ ಮೀರಿತ್ತೋ ಎಂದು ನಾವು ಹೇಳಬೇಕು. ಅದರ ಮೇಲೆ ಒಬ್ಬನ ಮನೆ ಉಳಿಯುತ್ತಿತ್ತು ಅಥವಾ ಹೋಗುತ್ತಿತ್ತು.

ನಾನು ಸೇರಿದಾಗ ಅಂದಾಜು ಹಾಕುವ ಪದ್ಧತಿ ಎಂದರೆ ಸದ್ದು ಎಷ್ಟು ದೂರ ಕೇಳಿತು ಎಂದು ಕೇಳುವುದು. ಈ ಪದ್ಧತಿಯಲ್ಲಿ ಒಂದು ತಮಾಷೆ ಇದೆ. ಸಾಕ್ಷಿ ಹೇಳುವವನು ದೂರ ಇದ್ದಷ್ಟೂ ಸದ್ದು ಅವನಿಗೆ ಜೋರಾಗಿ ಕೇಳಿರುತ್ತದೆ. ಗದ್ವಾಲದ ಹತ್ತಿರ ಒಂದು ಸಣ್ಣ ಡಬ್ಬಿ ಸಿಡಿದಾಗ, ಹೊಳೆಯ ಆಚೆ ದಡದ ಒಬ್ಬ ಹಿರಿಯ, "ನಮ್ಮ ಎಮ್ಮಿ ಗಬ್ಬ ಇಳದ್ವು ನೋಡ್ರಿ" ಎಂದು ಪ್ರಮಾಣ ಮಾಡಿದ್ದ. ಡಬ್ಬಿಯ ಪಕ್ಕದಲ್ಲೇ ಜೋಳ ಬೀಸುತ್ತಿದ್ದ ಹೆಂಗಸಿಗೆ ಏನೂ ಕೇಳಿರಲಿಲ್ಲ. ಬೀಸುವ ಕಲ್ಲಿನ ಸದ್ದೇ ಹೆಚ್ಚಾಗಿತ್ತಂತೆ.

ಈ ಪದ್ಧತಿಯನ್ನು ಬದಲಿಸಿದವರು ನಮ್ಮ ಮುಹ್ತಮಿಮ್ ಸಾಹೇಬರು, ಅಂದರೆ ನಮ್ಮ ಮೇಲಧಿಕಾರಿ. ಹೈದರಾಬಾದಿನವರು, ತೆಳ್ಳಗಿನ ಮನುಷ್ಯ, ಕಿಸೆಯಲ್ಲಿ ಸದಾ ಒಂದು ಅಳತೆಪಟ್ಟಿ. ಪರದೇಶದ ಪುಸ್ತಕಗಳನ್ನು ತರಿಸಿ ಓದುತ್ತಿದ್ದರು. ಆ ಪುಸ್ತಕಗಳಲ್ಲಿ ಕಿಟಕಿಯ ಗಾಜು ಎಷ್ಟು ದೂರದವರೆಗೆ ಒಡೆದಿದೆ ಎಂಬುದರ ಮೇಲೆ ಲೆಕ್ಕ. ನಮ್ಮ ಊರುಗಳಲ್ಲಿ ಗಾಜು ಎಲ್ಲಿದೆ? ಮಣ್ಣಿನ ಮಾಳಿಗೆ, ಬೆಳಕಿಗೆ ಒಂದು ಬೆಳಕಿಂಡಿ. ಸಾಹೇಬರು ಎರಡು ದಿನ ಯೋಚಿಸಿ, "ಶರಣಪ್ಪ, ಗಾಜು ಬಿಡು, ಗಡಿಗೆ ನೋಡು" ಎಂದರು. ನೆಲುವಿನಲ್ಲಿ ತೂಗುವ ಮೊಸರಿನ ಗಡಿಗೆ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಕಾಳಿನ ಗಡಿಗೆ. ಯಾವ ಮನೆಯವರೆಗೆ ಬಿದ್ದಿವೆ, ಯಾವ ಮನೆಯಿಂದಾಚೆ ನಿಂತಿವೆ ಎಂದು ನೋಡಿದರೆ ಗಾಳಿಯ ಹೊಡೆತ ತಿಳಿಯುತ್ತದೆ. ಅದರ ಜೊತೆಗೆ ಕಲ್ಲು ಎಷ್ಟು ದೂರ ಹಾರಿದೆ, ನೆಲದಲ್ಲಿ ಗುಂಡಿ ಎಷ್ಟು ಬಿದ್ದಿದೆ. ಈ ಮೂರೂ ಒಂದೇ ಮಾತು ಹೇಳಬೇಕು, ಹೇಳದಿದ್ದರೆ ಮತ್ತೆ ನೋಡಬೇಕು ಎನ್ನುವುದು ಅವರ ನಿಯಮ.

ಅವರಿಂದ ನಾನು ತಿಂದ ಮೊದಲ ಏಟು ನಾರಾಯಣಪೇಟೆಯಲ್ಲಿ. ಅದು ನನ್ನ ಊರು. ನೇಕಾರರ ಓಣಿಯ ಹಿಂದೆ ಬಾವಿ ತೋಡುತ್ತಿದ್ದರು. ಮದ್ದು ಹಾರಿಸಿದಾಗಲೆಲ್ಲ ಸೀರೆಯ ಎಳೆ ಹರಿಯುತ್ತದೆ ಎಂದು ನೇಕಾರರು ಅರ್ಜಿ ಕೊಟ್ಟರು. ನಾನು ಹೋಗಿ ಅಂಗಳದಲ್ಲಿ ನಿಂತು ಕೇಳಿದೆ. ಸದ್ದು ಬಾಗಿಲು ಹಾಕಿದಷ್ಟೂ ಇರಲಿಲ್ಲ. ಅರ್ಜಿ ಸುಳ್ಳು ಎಂದು ಬರೆದುಕೊಂಡು ಬಂದೆ. ಸಾಹೇಬರು ಮರುದಿನ ತಾವೇ ಬಂದರು. ನೇಕಾರರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ಬೂಟು ಬಿಚ್ಚಿ ಇಳಿದು ಕೂತು, "ಈಗ ಹಾರಿಸಿ" ಎಂದು ಹೇಳಿಕಳಿಸಿದರು. ಪಕ್ಕದಲ್ಲಿದ್ದ ಮುದುಕ ನೇಕಾರ ಮೆಲ್ಲಗೆ ಅಂದ:

"ಕಿವೀಗಿಂತ ಮೊದ್ಲ ಕಾಲಿಗೆ ಬರತೈತ್ರಿ ಸಾಹೇಬ್ರ. ನೋಡಕೋರಿ."

ಹಾಗೆಯೇ ಆಯಿತು. ಸಾಹೇಬರ ಅಂಗಾಲಿಗೆ ಬಂಡೆಯ ಮೂಲಕ ಬಂದ ನಡುಕ ಮೊದಲು ತಟ್ಟಿತು, ಸದ್ದು ಆಮೇಲೆ ಬಂತು. ಕಣ್ಣೆದುರೇ ಎರಡು ಎಳೆ ಹರಿದವು. ಅವರು ಕುಣಿಯಿಂದ ಎದ್ದು ಬಂದು ನನಗೆ, "ನಿನ್ನ ಕಿವಿ ಕೇಳಿದ್ದನ್ನು ಬರೆದೆ. ಇವನ ಕಾಲು ಹೇಳಿದ್ದನ್ನು ಯಾಕೆ ಬರೆಯಲಿಲ್ಲ?" ಎಂದು ಕೇಳಿದರು. ಓಣಿಯ ಜನರೆಲ್ಲ ನನ್ನ ಗುರುತಿನವರೇ, ಬಿದ್ದು ಬಿದ್ದು ನಕ್ಕರು. ನಾನು ತಲೆ ತಗ್ಗಿಸಿಕೊಂಡು ಮನೆಗೆ ಹೋದೆ. ಪಾಠ ಕಲಿತೆ ಎಂದುಕೊಂಡೆ. ಆದರೆ ನಾಯಿ ಬಾಲ ನಳಿಗೆಯಲ್ಲಿ ಇದ್ದಷ್ಟು ಹೊತ್ತು ಮಾತ್ರ ನೆಟ್ಟಗೆ.

ಆಮೇಲಿನ ನಾಲ್ಕಾರು ವರ್ಷಗಳಲ್ಲಿ ನನಗೆ ಲೆಕ್ಕದ ಹುಚ್ಚು ಹಿಡಿಯಿತು. ಗುಂಡಿಯ ಅಳತೆಯಿಂದ ಮದ್ದಿನ ತೂಕ ತೆಗೆಯುವ ಕೋಷ್ಟಕ ಸಾಹೇಬರ ಪುಸ್ತಕದಲ್ಲಿತ್ತು. ಅದನ್ನು ಬಾಯಿಪಾಠ ಮಾಡಿದೆ. ಅದರಲ್ಲಿ ಒಂದು ಗುಟ್ಟು ಇದೆ, ಹೊಸಬರು ತಿಳಿದಿರಬೇಕು. ಗುಂಡಿಯ ಅಗಲ, ಆಳ ಎರಡರಷ್ಟಾದರೆ ಮದ್ದು ಎರಡರಷ್ಟಲ್ಲ, ಎಂಟರಷ್ಟು. ಅಂದರೆ ಅಳತೆಯಲ್ಲಿ ಮೊಳದ ತಪ್ಪಾದರೆ ತೂಕದಲ್ಲಿ ಮನೆ ಮುಳುಗುವಷ್ಟು ತಪ್ಪಾಗುತ್ತದೆ. ಇದನ್ನು ನಾನು ಬೇರೆಯವರಿಗೆ ಹೇಳಿಕೊಡುತ್ತಿದ್ದೆ.

ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳು. ಮಕ್ತಲದಲ್ಲಿ ಮದ್ದಿನ ಕೊಟ್ಟಿಗೆ ಸಿಡಿದು ಒಬ್ಬ ಸತ್ತ ಎಂದು ಸುದ್ದಿ ಬಂತು. ಪರವಾನಗಿ ಇದ್ದದ್ದು ಇಟಿಕ್ಯಾಲದ ಮೈಲಾರಪ್ಪನ ಹೆಸರಿನಲ್ಲಿ, ಹತ್ತು ಸೇರಿಗೆ. ಅವನು ಊರೂರು ತಿರುಗಿ ಬಾವಿಯ ಬಂಡೆ ಒಡೆಯುವವನು. ಅವನ ತಮ್ಮ ಬೀರಪ್ಪ ಮಕ್ತಲದ ಹುಡುಗಿ ನಾಗಮ್ಮನನ್ನು ಮದುವೆಯಾಗಿ, ಮಾವನ ಮನೆಯ ಹಿತ್ತಲಲ್ಲಿ ಕೊಟ್ಟಿಗೆ ಕಟ್ಟಿಕೊಂಡು ಅಣ್ಣನ ಮದ್ದು ಕಾಯುತ್ತಿದ್ದ. ಸತ್ತವನು ಬೀರಪ್ಪ. ಮದ್ದಿಗೆ ಕಿಡಿ ಹೇಗೆ ತಾಕಿತೋ ಯಾರಿಗೂ ಗೊತ್ತಿಲ್ಲ. ಅಣ್ಣ ಆ ಹೊತ್ತಿಗೆ ಇಟಿಕ್ಯಾಲದ ಬಾವಿಯೊಳಗೆ ಇದ್ದ.

ನಾನು ಹೋದೆ. ಸಾಹೇಬರು ಬರಲಿಲ್ಲ, ಅವರಿಗೆ ವರ್ಗವಾಗಿತ್ತು, ಗಂಟುಮೂಟೆ ಕಟ್ಟುತ್ತಿದ್ದರು. ಕೊಟ್ಟಿಗೆ ಇದ್ದಲ್ಲಿ ದೊಡ್ಡ ದುಂಡನೆಯ ಗುಂಡಿ, ಒಬ್ಬ ಆಳು ಇಳಿದರೆ ತಲೆ ಕಾಣದಷ್ಟು ಆಳ. ಪಟ್ಟಿ ಹಿಡಿದು ಅಳೆದೆ. ಕೋಷ್ಟಕ ಬಾಯಲ್ಲೇ ಇತ್ತು. ಎಂಬತ್ತು ಸೇರು! ಹತ್ತು ಸೇರಿನ ಪರವಾನಗಿಗೆ ಎಂಬತ್ತು ಸೇರು ಕಳ್ಳ ದಾಸ್ತಾನು. ನಿಜ ಹೇಳುತ್ತೇನೆ, ಆಗ ನನಗೆ ಸತ್ತವನ ನೆನಪಾಗಲಿಲ್ಲ. ಬೇಟೆ ಸಿಕ್ಕಿತು ಎಂದು ಖುಷಿಯಾಯಿತು.

ಆಮೇಲೆ ಸುತ್ತಲ ಮನೆಗಳಿಗೆ ಹೋದೆ. ಇಪ್ಪತ್ತು ಹೆಜ್ಜೆ ದೂರದ ಮನೆಯಲ್ಲಿ ಮೊಸರಿನ ಗಡಿಗೆ ನೆಲುವಿನಲ್ಲಿ ಹಾಗೇ ತೂಗುತ್ತಿತ್ತು. ಪೇರಿಸಿದ ಗಡಿಗೆಗಳು ಒಂದೂ ಬಿದ್ದಿರಲಿಲ್ಲ. ಕೊಟ್ಟಿಗೆಯ ಕಲ್ಲುಗಳು ಹಿತ್ತಲ ಗೋಡೆ ದಾಟಿರಲಿಲ್ಲ. ಎಂಬತ್ತು ಸೇರು ಸಿಡಿದಿದ್ದರೆ ಆ ಓಣಿಯೇ ಉಳಿಯುತ್ತಿರಲಿಲ್ಲ. ಮೂರು ಸಾಕ್ಷಿಗಳಲ್ಲಿ ಎರಡು ಒಂದು ಮಾತು ಹೇಳಿದವು, ಗುಂಡಿ ಒಂದೇ ಬೇರೆ ಮಾತು ಹೇಳಿತು. ಗಡಿಗೆಯನ್ನು ಅಳೆಯಲು ಪಟ್ಟಿ ಇಲ್ಲ, ಗುಂಡಿಗೆ ಇದೆ. ನಾನು ಪಟ್ಟಿಯ ಮಾತು ನಂಬಿದೆ.

ಪಂಚನಾಮೆ ಬರೆಯುವಾಗ ನಾಗಮ್ಮ ಎದ್ದು ಬಂದಳು. ಗಂಡನನ್ನು ಮಣ್ಣು ಮಾಡಿ ಒಂದು ದಿನವೂ ಆಗಿರಲಿಲ್ಲ.

"ಸಾಹೇಬ್ರ, ಅದು ಮದ್ದಿಂದ ಆದ ತಗ್ಗಲ್ರಿ. ಕೆಳಗ ನಮ್ಮಜ್ಜನ ಕಾಲದ ಹಗೇವು ಐತಿ. ಬಾಯಿ ಮುಚ್ಚಿ ಮ್ಯಾಲ ನೆಲ ಮಾಡಿದ್ರು. ಅದು ಕುಸಿದೈತ್ರಿ."

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ನಾನು ಬರೆಯುವುದನ್ನು ನಿಲ್ಲಿಸಿ ಪಕ್ಕದಲ್ಲಿದ್ದ ಊರ ಪಟೇಲರ ಮುಖ ನೋಡಿದೆ. ಅವರು ತಟ್ಟನೆ ಅಂದರು:

"ಏ ತಂಗಿ, ಸುಮ್ನ ಕೂಡು. ನಮ್ಮೂರಾಗ ಹಗೇವು ಎಲ್ಲದಾವ? ದುಃಖದಾಗ ಏನೇನೋ ಅಂತಾಳ್ರಿ ಸಾಹೇಬ್ರ, ಅದನ್ನೆಲ್ಲ ಬರಕೋಬ್ಯಾಡ್ರಿ."

ಹಿಂದೆ ನಿಂತ ಹಿರಿಯರೂ ಒಬ್ಬೊಬ್ಬರಾಗಿ, "ಇಲ್ರಿ, ಇಲ್ರಿ, ಒಂದೂ ಇಲ್ಲ" ಎಂದರು.

ಅವರು ಯಾಕೆ ಹಾಗೆಂದರು ಎಂಬುದು ಮಕ್ತಲದ ಕೂಸಿಗೂ ಗೊತ್ತಿತ್ತು. ಅದು ಲೆವಿಯ ಕಾಲ. ಸರ್ಕಾರ ಮನೆಮನೆಗೆ ನುಗ್ಗಿ ಜೋಳ ಎತ್ತಿಕೊಂಡು ಹೋಗುತ್ತಿತ್ತು. ಸರ್ಕಾರಿ ಮನುಷ್ಯನ ಎದುರು ಒಂದು ಹಗೇವಿನ ಹೆಸರು ಎತ್ತಿದರೆ ಊರಿನ ಎಲ್ಲ ಹಗೇವುಗಳ ಬಾಯಿ ತೆಗೆಸುತ್ತಾರೆ. ಊರ ಹೊಟ್ಟೆ ಉಳಿಸಲು ಅವರು ಸುಳ್ಳು ಹೇಳಿದರು. ನಾರಾಯಣಪೇಟೆಯಲ್ಲಿ ನಮ್ಮ ಮನೆಯ ಪಡಸಾಲೆಯ ಕೆಳಗೇ ಒಂದು ಹಗೇವು ಇತ್ತು. ಲೆವಿ ವಸೂಲಿಗೆ ಸರ್ಕಾರದ ಗಿರ್ದಾವರ್ ಬಂದಾಗ ನನ್ನ ತಾಯಿ ಅದರ ಬಾಯಿಯ ಮೇಲೆ ಚಾಪೆ ಹಾಸಿ, ತಾನೇ ಕೂತು, "ಒಂದು ಕಾಳೂ ಇಲ್ರೀಪಾ" ಎಂದು ಕಣ್ಣೀರು ತೆಗೆದದ್ದನ್ನು ನಾನೇ ನೋಡಿದ್ದೆ. ಇಷ್ಟೆಲ್ಲ ಗೊತ್ತಿದ್ದವನು ಮಕ್ತಲದ ಹಿರಿಯರ ಮಾತನ್ನು ಸತ್ಯವೆಂದು ಬರೆದೆ, ನಾಗಮ್ಮನ ಮಾತನ್ನು ಬರೆಯಲೇ ಇಲ್ಲ. ಗಂಡನ ಕಳ್ಳತನ ಮುಚ್ಚಲು ಏನೋ ಹೇಳುತ್ತಾಳೆ ಎಂದುಕೊಂಡೆ. ಕೋಟು ಹಾಕಿಕೊಂಡರೆ ನಮ್ಮ ಮನೆಯ ಸಂಗತಿಯೂ ನಮಗೆ ಮರೆಯುತ್ತದೆ.

ಸಾಹೇಬರು ನನ್ನ ರಿಪೋರ್ಟು ಓದಿ, "ಗಡಿಗೆ ಏನು ಹೇಳುತ್ತದೆ?" ಎಂದು ಕೇಳಿದರು. "ಗುಂಡಿ ಸ್ಪಷ್ಟವಾಗಿದೆ" ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಹೊರಗೆ ಬಂಡಿ ಕಾಯುತ್ತಿತ್ತು. ಸಹಿ ಹಾಕಿ ಹೊರಟುಹೋದರು. ಅವರನ್ನು ದೂರುವುದಿಲ್ಲ, ಅವರು ಕೇಳಬೇಕಾದ ಪ್ರಶ್ನೆ ಕೇಳಿದ್ದರು.

ಮೈಲಾರಪ್ಪನಿಗೆ ಸಜೆಯಾಯಿತು. ಪರವಾನಗಿ ಹೋಯಿತು. ನಾಗಮ್ಮ ಮಕ್ತಲದಲ್ಲಿ ಉಳಿಯಲಾರದೆ ಮಲ್ದಕಲ್ಲಿನ ಚಿಕ್ಕಮ್ಮನ ಮನೆ ಸೇರಿದಳೆಂದು ಕೇಳಿದೆ. ನಾನು ಬೇರೆ ಕೇಸುಗಳಿಗೆ ಹೋದೆ.

ಕೆಲವು ವರ್ಷಗಳಾದ ಮೇಲೆ ಗದ್ವಾಲದಲ್ಲಿ ಒಂದು ಮಧ್ಯಾಹ್ನ ಪರವಾನಗಿಗಳ ತಪಾಸಣೆ ಮುಗಿಸಿ ಬರುತ್ತಿದ್ದೆ. ಹಿಂದಿನ ದಿನ ಜೋರು ಮಳೆಯಾಗಿತ್ತು. ಓಣಿಯಲ್ಲಿ ಕಲ್ಲು ಹೇರಿದ ಬಂಡಿಯೊಂದು ನೋಡನೋಡುತ್ತಿದ್ದಂತೆ ಒಂದು ಗಾಲಿ ನೆಲದೊಳಗೆ ಇಳಿದು ವಾಲಿತು. ಜನ ಸೇರಿ ಎತ್ತು ಬಿಚ್ಚಿ ಬಂಡಿ ಎಳೆದರು. ಎಳೆಯುತ್ತಿದ್ದಂತೆ ಉಳಿದ ನೆಲವೂ ಧೊಪ್ಪನೆ ಕುಸಿಯಿತು. ಯಾರೋ ತೆಲುಗಿನಲ್ಲಿ, "ಪಾತ ಪಾತರ" ಎಂದರು, ಹಳೆಯ ಹಗೇವು ಎಂದು. ನಾನು ಬಗ್ಗಿ ನೋಡಿದೆ. ದುಂಡನೆಯ ಗುಂಡಿ, ಆಳು ಮುಳುಗುವಷ್ಟು ಆಳ. ಒಂದು ಮಗ್ಗುಲಲ್ಲಿ ಸಾರಿಸಿದಂಥ ನುಣುಪಾದ ಗೋಡೆ. ತಳದಲ್ಲಿ ಕಾಳಿಗೆ ತೇವ ತಾಕದಂತೆ ಹಾಸಿ, ಹಳತಾಗಿ ಕಪ್ಪಾದ ಜೋಳದ ದಂಟಿನ ಹುಲ್ಲು. ಅಲ್ಲಿ ಒಂದು ಚಿಟಿಕೆ ಮದ್ದೂ ಸಿಡಿದಿರಲಿಲ್ಲ.

ದಫ್ತರಕ್ಕೆ ಬಂದು ಮಕ್ತಲದ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ನನ್ನದೇ ಅಕ್ಷರದಲ್ಲಿ ಇತ್ತು: "ಪೂರ್ವದ ಮಗ್ಗುಲು ನುಣುಪು. ತಳದಲ್ಲಿ ಸುಟ್ಟ ಹುಲ್ಲು, ಛಾವಣಿಯದಿರಬೇಕು." ಛಾವಣಿಯದಿರಬೇಕು! ಆ ಕೊಟ್ಟಿಗೆಗೆ ಕಲ್ಲು ಚಪ್ಪಡಿಯ ಛಾವಣಿ ಇತ್ತು. ಅದೂ ಅದೇ ಪುಟದಲ್ಲಿ ನಾಲ್ಕು ಸಾಲು ಮೇಲೆ ಬರೆದಿತ್ತು. ಹಗೇವಿನ ಹೊಟ್ಟೆ ಕಳೆದು ಲೆಕ್ಕ ಹಾಕಿದೆ. ಹತ್ತು ಸೇರು ಕೂಡ ಬರಲಿಲ್ಲ.

ಎರಡು ವಾರ ಒದ್ದಾಡಿ ಇಟಿಕ್ಯಾಲಕ್ಕೆ ಹೋದೆ. ಮೈಲಾರಪ್ಪ ಸಜೆ ಮುಗಿಸಿ ಬಂದು ಕುರಿ ಕಾಯುತ್ತಿದ್ದ. ಗುರುತು ಹಿಡಿದು ಕಂಬಳಿ ಹಾಸಿ, "ಕೂಡ್ರಿ" ಎಂದ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡು ಬಂದಿದ್ದೆ. ನಿಂತೇ ಎಲ್ಲ ಹೇಳಿದೆ.

"ನಾನು ಜೇಲಿನಾಗ ದಿನಾ ಎಣಿಸಿದ್ನಿರಿ ಸಾಹೇಬ್ರ" ಎಂದ. "ನಾ ಇಟ್ಟಿದ್ದು ಎಂಟು ಸೇರು. ಓದಿದವ್ರು ಎಂಬತ್ತು ಅಂತಾರ. ಅವ್ರಿಗೇನು ನನ್ನ ಮ್ಯಾಲ ಹಗೆ ಐತೇನು? ಹಂಗಾರ ಉಳಿದದ್ದು ನಮ್ಮ ಬೀರ್ಯಾನ ನನಗ ಹೇಳಲಾರ್ದ ತಂದಿಟ್ಟಾನ ಅಂತ ತಿಳಕೊಂಡೆ. ಕಳ್ಳ ಮದ್ದು ಮಾರಾಕ ಹೋಗಿ ತಾನೂ ಸತ್ತ, ನನ್ನೂ ಕೆಡಿಸಿದ ಅಂತ. ಹಿರಿಯರ ಅಮಾಸಿಗಿ ಅವಂಗ ಎಡಿ ಇಡೋದು ಬಿಟ್ಟೆ. ಅವನ ಹೇಣ್ತಿ ಅತ್ತು ಕರದು ಅದು ಹಗೇವು ಅಂತ ಹೇಳಿ ಕಳಿಸಿದಾಗ, ಕಳ್ಳನ ಹೇಣ್ತಿ ನನ್ನ ಮುಂದ ಬರಬ್ಯಾಡ ಅಂತ ಹೇಳಿ ಕಳಿಸಿದೆ."

ಆಮೇಲೆ ಮುಖ ಮುಚ್ಚಿಕೊಂಡು, "ನಮ್ಮ ಬೀರ್ಯಾ... ನಮ್ಮ ಬೀರ್ಯಾ..." ಎಂದು ಅಳತೊಡಗಿದ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಒಬ್ಬನನ್ನು ಜೈಲಿಗೆ ಹಾಕಿಸಿದೆ ಎಂದಷ್ಟೇ ತಿಳಿದು ಹೋಗಿದ್ದೆ. ಅಣ್ಣನ ಎದೆಯಲ್ಲಿ ಸತ್ತ ತಮ್ಮನನ್ನು ಇನ್ನೊಮ್ಮೆ ಕೊಂದದ್ದು ನನ್ನ ಲೆಕ್ಕ ಎಂದು ಅಲ್ಲಿ ತಿಳಿಯಿತು.

ಮರುದಿನ ಇಬ್ಬರೂ ಮಲ್ದಕಲ್ಲಿಗೆ ಹೋದೆವು. ನಾಗಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಗಂಡನ ಅಣ್ಣನನ್ನು ಕಂಡು ಸೆರಗು ಮುಂದೆಳೆದುಕೊಂಡು ಬಾಗಿಲ ಹಿಂದೆ ಸರಿದಳು. ಭಾವನ ಎದುರು ಮಾತಾಡುವ ರೂಢಿ ಅವರಲ್ಲಿ ಇಲ್ಲ. ಮೈಲಾರಪ್ಪ ಅಂಗಳದಲ್ಲೇ ನಿಂತು ತಲೆಯ ರುಮಾಲು ತೆಗೆದು ನೆಲಕ್ಕೆ ಇಟ್ಟ. ನಾನೇ ಬಾಗಿಲ ಕಡೆ ತಿರುಗಿ, "ಅವ್ವ, ನೀನು ಅಂದದ್ದು ಖರೇ ಇತ್ತು. ಅಲ್ಲಿ ಹಗೇವು ಇತ್ತು. ನಿನ್ನ ಗಂಡ ಕಳ್ಳ ಅಲ್ಲ. ತಪ್ಪು ನನ್ನದು" ಎಂದೆ.

ಒಳಗಿನಿಂದ ಅವಳ ದನಿ ಬಂತು, ನಡುಕವಿಲ್ಲದ ದನಿ.

"ಭಾವೋರಿಗೆ ರುಮಾಲು ಸುತಗೋರಿ ಅಂತ ಹೇಳ್ರಿ. ಅವ್ರದೇನು ತಪ್ಪಿಲ್ಲ." ಆಮೇಲೆ ನನಗೆ, "ಸಾಹೇಬ್ರ, ಅವತ್ತು ಬರದಿದ್ರಲ್ಲ, ಇವತ್ತು ಅಂದದ್ದೂ ಬರದು ಕೊಡ್ತೀರೇನ್ರಿ? ಮಕ್ತಲಕ್ಕ ಹೋಗಿ ಪಟೇಲರಿಗಿ ತೋರಸ್ತೀನಿ. ನಮ್ಮಪ್ಪನ ಮನ್ಯಾಗ ಹೋಗಿ ಇರಬೇಕು ಅಂತ ಭಾಳ ಐತ್ರಿ. ಕಳ್ಳನ ಹೇಣ್ತಿ ಅಂತ ಬಾವ್ಯಾಗ ನೀರು ಸೇದಾಕ ಬಿಡಂಗಿಲ್ಲ ಅಲ್ಲಿ."

ಕಾಗದ ನನ್ನ ಚೀಲದಲ್ಲೇ ಇತ್ತು. ಲೇಖನಿಯೂ ಇತ್ತು. ಬರೆದರೆ ಸುಳ್ಳು ರಿಪೋರ್ಟು ಕೊಟ್ಟವನೆಂದು ನನ್ನ ನೌಕರಿ ಹೋಗುತ್ತದೆ, ನನ್ನ ಮೇಲೇ ಕೇಸಾಗುತ್ತದೆ ಎಂಬುದು ಒಂದು ಕ್ಷಣದಲ್ಲಿ ತಲೆಗೆ ಹೊಳೆಯಿತು. ಈ ಲೆಕ್ಕ ಮಾತ್ರ ನನಗೆ ತಪ್ಪಲಿಲ್ಲ.

"ಬಾಯಿಂದ ಹೇಳೀನಲ್ಲವ್ವ" ಎಂದೆ. "ಬೇಕಾದ್ರ ಪಟೇಲರಿಗೂ ಒಂದು ಸಲ ಬಾಯಿಲೆ ಹೇಳ್ತೀನಿ."

"ಹಂಗಾರ ನೀವಿನ್ನೂ ಹೇಳಿಲ್ರಿ" ಎಂದಳು.

ಮೈಲಾರಪ್ಪ ನೆಲದ ಮೇಲಿನ ರುಮಾಲು ಎತ್ತಿಕೊಂಡು ನನ್ನ ಮುಖ ನೋಡದೆ ಹೊರಟ. ಆ ವರ್ಷದಿಂದ ಅವನು ತಮ್ಮನಿಗೆ ಎಡೆ ಇಡಲು ಶುರು ಮಾಡಿದನಂತೆ. ಪಟೇಲರ ಹತ್ತಿರ ನಾನು ಹೋಗಲಿಲ್ಲ. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎಂದು ದಿನ ದೂಡಿದೆ. ನಾಗಮ್ಮ ಮಲ್ದಕಲ್ಲಿನಲ್ಲೇ, ಚಿಕ್ಕಮ್ಮನ ಮನೆಯಲ್ಲೇ ತೀರಿಕೊಂಡಳು ಎಂದು ತಿಳಿದಾಗ ನಾನಿನ್ನೂ ನೌಕರಿಯಲ್ಲಿದ್ದೆ.

ಈಗ ನಿಜಾಮರೂ ಇಲ್ಲ, ಆ ದಫ್ತರವೂ ಇಲ್ಲ, ನನ್ನಿಂದ ಕಿತ್ತುಕೊಳ್ಳಲು ಯಾರ ಬಳಿಯೂ ಏನೂ ಉಳಿದಿಲ್ಲ. ಹೊಸಬರು ಪದ್ಧತಿ ಕಲಿಯಲು ಬಂದಿದ್ದರು. ನಿಮ್ಮ ಯಂತ್ರಗಳು ನಮ್ಮ ಪಟ್ಟಿಗಿಂತ ಒಳ್ಳೆಯವು, ಪದ್ಧತಿಯನ್ನು ನೀವೇ ನನಗೆ ಕಲಿಸಬಹುದು. ಲೆಕ್ಕ ತಪ್ಪುವುದು ದೊಡ್ಡದಲ್ಲ, ಎಲ್ಲರಿಗೂ ತಪ್ಪುತ್ತದೆ. ತಪ್ಪಿದ್ದು ಗೊತ್ತಾದ ದಿನ ಕಾಗದ ಕೈಯಲ್ಲಿರುತ್ತದೆ. ಆ ದಿನ ಬರೆಯಿರಿ. ಅವಳು ಕೇಳಿದ್ದು ಮೂರೇ ಸಾಲು, ನನಗೆ ಇಷ್ಟು ವರ್ಷ ಬೇಕಾಯಿತು:

ಮಕ್ತಲದ ಕೊಟ್ಟಿಗೆಯಲ್ಲಿ ಹತ್ತು ಸೇರಿಗಿಂತ ಹೆಚ್ಚು ಮದ್ದು ಇರಲಿಲ್ಲ. ಗುಂಡಿ ಹಳೆಯ ಹಗೇವು ಕುಸಿದು ಆದದ್ದು, ಹಾಗೆಂದು ಬೀರಪ್ಪನ ಹೆಂಡತಿ ನಾಗಮ್ಮ ಅಂದೇ ಹೇಳಿದ್ದಳು. ಬೀರಪ್ಪ ಕಳ್ಳನಲ್ಲ.